ಜೋಡಿನ ಬೆಲೆಯೂ ಕೈಯ ಬೆಲೆಯೂ

2025ನೆಯ ಇಸವಿ ಜೂನ್ ತಿಂಗಳಲ್ಲಿ ಇಟಲಿ ದೇಶದ ಮಿಲಾನ್ ನಗರದಲ್ಲಿ ನಡೆದ ಉಡುಪಿನ ಪ್ರದರ್ಶನವೊಂದರಲ್ಲಿ ಪ್ರಾಡಾ ಎಂಬ ಸುಪ್ರಸಿದ್ಧ ಸಂಸ್ಥೆಯವರು ಬೆರಳು ತೆರೆದ ಚರ್ಮದ ಜೋಡೊಂದನ್ನು ಲೋಕದ ಕಣ್ಣ ಮುಂದಿಟ್ಟರು. ಅದು ಯಾವ ನಾಡಿನ, ಯಾವ ಜನರ ಕೈಗೆಲಸದ ಮಾದರಿ ಎಂಬ ಮಾತು ಅಲ್ಲಿ ಬರಲಿಲ್ಲ. ನಮ್ಮ ದೇಶದಲ್ಲಿ ಅದರ ಚಿತ್ರವನ್ನು ಕಂಡವರಿಗೆ ಮಾತ್ರ ಸಂದೇಹವೇ ಉಳಿಯಲಿಲ್ಲ. ಅದು ಕೊಲ್ಹಾಪುರಿ ಚಪ್ಪಲಿ. ಪತ್ರಿಕೆಗಳಲ್ಲಿ ಕೋಲಾಹಲವೆದ್ದಿತು. ವರ್ತಕರ ಮಂಡಲಿ ಕಾಗದ ಬರೆಯಿತು. ಮುಂಬಯಿಯ ಉಚ್ಚ ನ್ಯಾಯಾಲಯದವರೆಗೆ ದೂರು ಹೋಗಿ, ದೂರು ತಂದವರು ಆ ಹೆಸರಿನ ಒಡೆಯರಲ್ಲವೆಂಬ ಕಾರಣದಿಂದ ನಿಲ್ಲದೆ ಹೋಯಿತು. ಸಂಸ್ಥೆಯವರು ತಮ್ಮ ಮಾದರಿಗೆ ಭಾರತದ ಕೈಕಸಬೇ ಪ್ರೇರಣೆಯೆಂದು ಒಪ್ಪಿಕೊಂಡರು. ಅದೇ ವರುಷದ ಡಿಸೆಂಬರಿನಲ್ಲಿ ಮಹಾರಾಷ್ಟ್ರದ ಲಿಡ್‌ಕಾಮ್ ಮತ್ತು ಕರ್ನಾಟಕದ ಲಿಡ್ಕರ್ ಎಂಬ ಎರಡು ಸರ್ಕಾರೀ ಚರ್ಮೋದ್ಯಮ ನಿಗಮಗಳೊಡನೆ ಒಡಂಬಡಿಕೆ ಮಾಡಿಕೊಂಡು, ಈ ಎರಡು ರಾಜ್ಯಗಳಲ್ಲಿಯೇ 2,000 ಜೊತೆಗಳನ್ನು ಮಾಡಿಸುವುದಾಗಿಯೂ, ಜೊತೆಯೊಂದಕ್ಕೆ ಸುಮಾರು 800 ಯೂರೊ ಬೆಲೆಯಿಡುವುದಾಗಿಯೂ ಸಾರಿದರು.

ಎಂಟುನೂರು ಯೂರೊ ಎಂದರೆ ನಮ್ಮ ಹಣದಲ್ಲಿ ಎಂಬತ್ತು ಸಾವಿರ ರೂಪಾಯಿಗೆ ಕಡಮೆಯಲ್ಲ. ಇದೇ ತರದ ಜೋಡನ್ನು ನಮ್ಮ ಪೇಟೆಗಳಲ್ಲಿ ಕೆಲವು ನೂರು ರೂಪಾಯಿಗಳಿಗೆ ಕೊಳ್ಳುವಾಗಲೂ ಇನ್ನೊಂದಿಷ್ಟು ಇಳಿಸೆಂದು ಚೌಕಾಸಿ ಮಾಡುವ ಜನ ನಾವು. ಪರದೇಶದವರು ನಮ್ಮದನ್ನು ಕದ್ದರೆಂದು ಸಿಡಿದೇಳುವುದು ಸುಲಭ. ಅದರಲ್ಲಿ ಸ್ವಲ್ಪ ನ್ಯಾಯವೂ ಉಂಟು. ಆದರೆ ಆ ಸಿಡಿಮಿಡಿ ತಣಿದ ತರುವಾಯ ನಾವು ನಮ್ಮನ್ನೇ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದು ಉಳಿಯುತ್ತದೆ. ನಮ್ಮ ಕಾಲಿನಲ್ಲಿದ್ದ ವಸ್ತುವಿಗೆ ಮಿಲಾನಿನವರು ಎಂಬತ್ತು ಸಾವಿರದ ಬೆಲೆ ಕಟ್ಟುವವರೆಗೆ, ಅದನ್ನು ಮಾಡುವವನ ಊರು ಯಾವುದು, ಹೆಸರೇನು, ಅವನ ದಿನದ ದುಡಿಮೆ ಎಷ್ಟೆಂದು ನಮ್ಮಲ್ಲಿ ಎಷ್ಟು ಮಂದಿ ವಿಚಾರಿಸಿದ್ದೆವು?

ಊರನ್ನು ಮೊದಲು ಹೇಳೋಣ. ಕೊಲ್ಹಾಪುರಿ ಎಂಬ ಹೆಸರು ಕೇಳಿದೊಡನೆ ಇದು ಮರಾಠಿ ನಾಡಿನ ಸೊತ್ತೆಂದು ನಮ್ಮ ಹಳೆಯ ಮೈಸೂರಿನ ಕಡೆಯವರು ಭಾವಿಸುವುದುಂಟು. ಅದು ಪೂರಾ ನಿಜವಲ್ಲ. ಬೆಳಗಾವಿ ಜಿಲ್ಲೆಯ ಅಥಣಿ, ನಿಪ್ಪಾಣಿ, ಮದಭಾವಿ ಮೊದಲಾದ ಕಡೆಗಳಲ್ಲಿ ತಲೆತಲಾಂತರದಿಂದ ಸಮಗಾರರ ಮನೆಗಳಲ್ಲಿ ಈ ಜೋಡು ಸಿದ್ಧವಾಗುತ್ತ ಬಂದಿದೆ. ಅರಸರ ಆಶ್ರಯವೂ ದೊಡ್ಡ ಪೇಟೆಯೂ ಇದ್ದದ್ದು ಕೊಲ್ಹಾಪುರದಲ್ಲಿ; 1894ರಿಂದ 1922ರವರೆಗೆ ಆ ಸಂಸ್ಥಾನವನ್ನಾಳಿದ ಶಾಹೂ ಮಹಾರಾಜರು ಈ ಕಸಬಿಗೆ ಪ್ರೋತ್ಸಾಹ ಕೊಟ್ಟದ್ದು ಪ್ರಸಿದ್ಧವಾಗಿದೆ. ಹೀಗಾಗಿ ಮಾಡಿದ ಊರಿನ ಹೆಸರು ಹಿಂದೆ ಸರಿದು, ಮಾರಿದ ಊರಿನ ಹೆಸರು ಮುಂದೆ ನಿಂತಿತು. ಭೌಗೋಳಿಕ ಗುರುತಿನ ಹಕ್ಕನ್ನು 2018-19ರಲ್ಲಿ ಸರ್ಕಾರದವರು ದಯಪಾಲಿಸಿದಾಗ ಈ ಸಂಗತಿಗೆ ಕಾಯಿದೆಯ ಮನ್ನಣೆ ದೊರೆಯಿತು. ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗ್ಲಿ, ಸಾತಾರಾ, ಸೊಲ್ಲಾಪುರ ಎಂಬ ನಾಲ್ಕು ಜಿಲ್ಲೆಗಳೂ, ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಎಂಬ ನಾಲ್ಕು ಜಿಲ್ಲೆಗಳೂ ಆ ಹೆಸರಿಗೆ ಸಮಭಾಗಿಗಳೆಂದು ದಾಖಲಾದುವು. ಗಡಿಯ ವ್ಯಾಜ್ಯಗಳಲ್ಲಿ ಒಂದು ಹಳ್ಳಿಗಾಗಿ ಹೋರಾಡುವ ಎರಡು ನಾಡುಗಳು ಒಂದು ಜೊತೆ ಚಪ್ಪಲಿಯ ಒಡೆತನವನ್ನು ಶಾಂತವಾಗಿ ಹಂಚಿಕೊಂಡದ್ದು ನೆನಪಿನಲ್ಲಿಡತಕ್ಕ ವಿಷಯವೇ ಸರಿ.

ಇನ್ನು ಈ ಜೋಡು ಹುಟ್ಟುವ ಬಗೆಯನ್ನು ನೋಡೋಣ. ಬೆಲೆಯ ಮಾತನ್ನು ಆಡುವುದಕ್ಕೆ ಮುನ್ನ ದುಡಿಮೆಯನ್ನು ತಿಳಿಯಬೇಕಲ್ಲವೆ? ಹಸಿ ತೊಗಲನ್ನು ಸುಣ್ಣದ ನೀರಿನಲ್ಲಿ ನೆನೆಹಾಕಿ, ಕೂದಲನ್ನೂ ಅಂಟಿದ ಮಾಂಸವನ್ನೂ ಹೆರೆದು, ತೊಳೆದು, ಜಾಲಿಯ ತೊಗಟೆ ಮತ್ತು ಅಳಲೆಕಾಯಿಯ ಕಷಾಯದಲ್ಲಿ ಊರಿಸುವುದು ಮೊದಲ ಕೆಲಸ. ಬಳಿಕ ಆ ತೊಗಲನ್ನೇ ಚೀಲದಂತೆ ಹೊಲಿದು, ಒಳಗೆ ತೊಗಟೆಯನ್ನೂ ಕಷಾಯವನ್ನೂ ತುಂಬಿ, ಮರದ ತೊಲೆಗೆ ತೂಗುಹಾಕುತ್ತಾರೆ. ಕಷಾಯವು ಚರ್ಮದ ನರನರದೊಳಗೆ ಇಳಿದು ಹನಿಹನಿಯಾಗಿ ಹೊರಕ್ಕೆ ಒಸರುತ್ತದೆ. ಒಸರಿದ್ದನ್ನು ಹಿಡಿದು ಮತ್ತೆ ಮೇಲಿನಿಂದ ಹೊಯ್ಯುತ್ತಾರೆ. ಚೀಲವನ್ನು ತಲೆಕೆಳಗೆ ಮಾಡಿ ಪುನಃ ತೂಗುತ್ತಾರೆ. ವಾರಗಟ್ಟಲೆ ನಡೆಯುವ ಕೆಲಸವಿದು. ಕ್ರೋಮ್ ಲವಣದ ಕಾರ್ಖಾನೆಯಲ್ಲಿ ಅತ್ಯಲ್ಪ ಕಾಲದಲ್ಲಿ ಮುಗಿಯುವ ಹದಕ್ಕೂ ಇದಕ್ಕೂ ಇರುವ ವ್ಯತ್ಯಾಸವು, ಒಂದೇ ಕುದಿಗೆ ಇಳಿಸಿದ ಸಾರಿಗೂ ಮಣ್ಣಿನ ಮಡಕೆಯಲ್ಲಿ ಇರುಳೆಲ್ಲ ಕಾದ ಸಾರಿಗೂ ಇರುವ ವ್ಯತ್ಯಾಸದಂಥದು. ಜಾಲಿ ತೊಗಟೆಯಲ್ಲಿ ಹದಗೊಂಡ ಚರ್ಮ ಮೊದಲು ಬಿಗಿಯಾಗಿದ್ದು, ದಿನ ಕಳೆದಂತೆಲ್ಲ ಮೆಟ್ಟಿದವನ ಅಂಗಾಲಿನ ಏರುತಗ್ಗುಗಳನ್ನು ತನ್ನದಾಗಿ ಮಾಡಿಕೊಳ್ಳುತ್ತದೆ. ಬೆವರನ್ನು ಹೀರಿಕೊಂಡು ಬಿಸಿಲಿನಲ್ಲಿ ಕಾಲನ್ನು ತಂಪಾಗಿಡುತ್ತದೆ.

ಆ ಮೇಲೆ ಬರುವುದು ಜೋಡು ಮಾಡುವವನ ಕೆಲಸ. ಅಟ್ಟೆಗೆ ದಪ್ಪನೆಯ ಎಮ್ಮೆಕೋಣದ ತೊಗಲು, ಹೆಣಿಗೆಗೆ ತೆಳುವಾದ ಆಡಿನ ತೊಗಲು. ರಂಪಿಗೆಯಿಂದ ಅಳತೆಗೆ ಕೊಯ್ದ ಪದರಗಳನ್ನು ಒಂದರ ಮೇಲೊಂದಿಟ್ಟು, ಆರೆಯಿಂದ ತೂತು ಮಾಡಿ, ಚರ್ಮದಿಂದಲೇ ಸೀಳಿದ ದಾರದಿಂದ ಹೊಲಿಯುತ್ತಾರೆ. ಹಳೆಯ ಪದ್ಧತಿಯ ಜೋಡಿನಲ್ಲಿ ಕಬ್ಬಿಣದ ಮೊಳೆಯೆಂಬುದು ಇಲ್ಲ. ಎರಡೂ ಬದಿಗೆ ಕಿವಿಗಳು, ನಡುವೆ ಪಟ್ಟಿ, ಹೆಬ್ಬೆರಳಿಗೆ ಉಂಗುರ, ಅದರ ಮೇಲೆ ಕೂದಲಿನ ಜಡೆಯಷ್ಟು ನಯವಾಗಿ ಹೆಣೆದ ಚರ್ಮದ ಜಡೆ. ಕೆಲವು ಜೋಡುಗಳಲ್ಲಿ ಪದರಗಳ ನಡುವೆ ಬೀಜವೊಂದನ್ನು ಅಡಗಿಸಿಟ್ಟು, ನಡೆದಾಗ ಕರಕರ ಸದ್ದಾಗುವಂತೆ ಮಾಡುವುದೂ ಉಂಟು. ಮಾಲಿಕನು ಬರುವುದು ಓಣಿಗೆಲ್ಲ ಮುಂಚಿತವಾಗಿ ತಿಳಿಯಬೇಕಲ್ಲ! ಕೊಯ್ಯುವುದು, ಅಟ್ಟೆ ಹೊಲಿಯುವುದು ಬಹುಮಟ್ಟಿಗೆ ಗಂಡಸರ ಪಾಲು. ಜಡೆ ಹೆಣೆಯುವುದು, ಚಿತ್ತಾರ ಕೊರೆಯುವುದು ಹೆಂಗಸರ ಪಾಲು. ಕಣ್ಣಿಗೆ ಮೊದಲು ಬೀಳುವ ಅಂದವೆಲ್ಲವೂ ಹೆಂಗಸಿನ ಬೆರಳಿನದು. ಕೊಳ್ಳುವವನು ಬೆಲೆಯನ್ನು ಕೂಗುವಾಗ ಆ ಬೆರಳುಗಳ ನೆನಪು ಅವನಿಗೂ ಇರುವುದಿಲ್ಲ, ಎಷ್ಟೋ ವೇಳೆ ಮನೆಯ ಯಜಮಾನನಿಗೂ ಇರುವುದಿಲ್ಲ.

ಇಷ್ಟು ದುಡಿಮೆಯ ಫಲವು ಯಾರ ಕೈ ಸೇರುತ್ತದೆ? ಈ ಕಸಬಿನ ಅರ್ಥಶಾಸ್ತ್ರವು ನೇಯ್ಗೆಯವರ, ಕುಂಬಾರರ ಅರ್ಥಶಾಸ್ತ್ರಕ್ಕಿಂತ ಬೇರೆಯಲ್ಲ. ಚರ್ಮಕ್ಕೆ ಮುಂಗಡ ಕೊಟ್ಟ ವರ್ತಕನೇ ಜೋಡಿಗೂ ಬೆಲೆ ಕಟ್ಟುತ್ತಾನೆ. ಮದುವೆಗೋ ಕಾಯಿಲೆಗೋ ತಂದ ಸಾಲವು ಮುಂದಿನ ತಿಂಗಳುಗಳ ಕೆಲಸವನ್ನು ಈಗಲೇ ನುಂಗಿರುತ್ತದೆ. ಮೇಲಾಗಿ ರೆಕ್ಸಿನ್ನಿನ ಅಗ್ಗದ ನಕಲುಗಳು ಕೊಲ್ಹಾಪುರಿ ಎಂಬ ಹೆಸರನ್ನೇ ಹೊತ್ತು ಪೇಟೆ ತುಂಬಿವೆ. ಹಸಿ ತೊಗಲಿನ ಒದಗಣೆಯೂ ಮೊದಲಿನಂತಿಲ್ಲ. ಮಹಾರಾಷ್ಟ್ರದಲ್ಲಿ 2015ರಲ್ಲಿಯೂ ಕರ್ನಾಟಕದಲ್ಲಿ 2021ರಲ್ಲಿಯೂ ಜಾರಿಗೆ ಬಂದ ಗೋಹತ್ಯಾ ನಿಷೇಧದ ಕಾಯಿದೆಗಳ ಬಳಿಕ ಚರ್ಮ ದೊರೆಯುವುದು ಇಕ್ಕಟ್ಟಾಗಿದೆಯೆಂದು ಕಸಬಿನವರು ಹೇಳುತ್ತ ಬಂದಿದ್ದಾರೆ. ಎಲ್ಲಕ್ಕಿಂತ ಹೆಚ್ಚಾಗಿ, ಓದು ಕಲಿತ ಮಗನು ತಂದೆಯ ರಂಪಿಗೆಯನ್ನು ಮುಟ್ಟಲೊಲ್ಲನು. ಅವನನ್ನು ದೂರುವವರು ಯಾರು? ಆ ಉಪಕರಣದೊಡನೆ ಅಂಟಿ ಬರುವ ಅವಮಾನವನ್ನು ಊರಿನವರಾದ ನಾವು ಇಟ್ಟುಕೊಂಡು, ಉಪಕರಣವನ್ನು ಮಾತ್ರ ಅವನು ಉಳಿಸಬೇಕೆಂದರೆ ನ್ಯಾಯವಾದೀತೆ?

ಈ ಅವಮಾನದ ಮಾತು ನಮ್ಮ ನಾಡಿನಲ್ಲಿ ವಿಚಿತ್ರವಾದದ್ದು. ಕನ್ನಡಿಗರಿಗೆ ಹರಳಯ್ಯನ ಕಥೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬಸವಣ್ಣನವರು ತನ್ನ ಶರಣಿಗೆ ಪ್ರತಿಯಾಗಿ ಎರಡು ಬಾರಿ ಶರಣೆಂದರೆಂಬ ಋಣವನ್ನು ತೀರಿಸಲು, ಸಮಗಾರ ಹರಳಯ್ಯನೂ ಅವನ ಪತ್ನಿ ಕಲ್ಯಾಣಮ್ಮನೂ ತಮ್ಮ ತೊಡೆಯ ಚರ್ಮದಿಂದ ಜೋಡು ಮಾಡಿ ತಂದರೆಂದೂ, ಬಸವಣ್ಣನವರು ಅದನ್ನು ಮೆಟ್ಟಲಾರದೆ ತಲೆಯ ಮೇಲೆ ಹೊತ್ತರೆಂದೂ ಆ ಕಥೆ. ಹರಳಯ್ಯನ ಮಗನಿಗೂ ಬ್ರಾಹ್ಮಣನಾಗಿದ್ದ ಮಧುವರಸನ ಮಗಳಿಗೂ ಆದ ಮದುವೆಯು ಕಲ್ಯಾಣವನ್ನೇ ರಕ್ತದಲ್ಲಿ ಅದ್ದಿತೆಂಬುದನ್ನೂ ನಾವು ಬಲ್ಲೆವು. ತೊಗಲು ಹದಮಾಡುತ್ತಿದ್ದ ಡೋಹರ ಕಕ್ಕಯ್ಯ, ಮಾದಾರ ಚೆನ್ನಯ್ಯ ಇವರ ಹೆಸರುಗಳನ್ನು ಶರಣರ ಸಾಲಿನಲ್ಲಿ ಗೌರವದಿಂದ ಸ್ಮರಿಸುತ್ತೇವೆ. ಇತ್ತ ರಾಮಾಯಣದಲ್ಲಿ ಹದಿನಾಲ್ಕು ವರುಷ ಅಯೋಧ್ಯೆಯನ್ನಾಳಿದ್ದು ಒಂದು ಜೊತೆ ಪಾದುಕೆ. ಇಷ್ಟೆಲ್ಲ ಪುಣ್ಯಕಥೆಗಳ ನಡುವೆ ಬೆಳೆದವರು, ಸಿಟ್ಟು ಬಂದಾಗ ಬಾಯಿಗೆ ತರುವ ಮೊದಲ ಬೈಗಳು ಯಾವುದು? ಕೆರ, ಎಕ್ಕಡ, ಮೆಟ್ಟು! ಪಾದುಕೆಗೆ ಪಟ್ಟಾಭಿಷೇಕ, ಪಾದರಕ್ಷೆ ಮಾಡುವವನಿಗೆ ಊರ ಹೊರಗಿನ ಕೇರಿ. ಇದೇ ನಮ್ಮ ವ್ಯವಹಾರವಾಗಿ ಬಂದಿದೆ. ಸಂತನಿಗೆ ಸಲ್ಲುವ ಗೌರವವು ಕಸಬಿಗೆ ಸಲ್ಲದೆ ಹೋದುದೇ ನಮ್ಮ ಚರ್ಮಶಿಲ್ಪದ ದುರ್ಗತಿಯ ಮೂಲವೆಂದು ನಾವು ಧೈರ್ಯವಾಗಿ ಹೇಳುತ್ತೇವೆ.

ಇಂಥ ಅವಮಾನವು ನಮ್ಮ ದೇಶಕ್ಕೆ ಮಾತ್ರ ಮೀಸಲಾದುದೆಂದು ವಾಚಕರು ತಿಳಿಯಬಾರದು. ಇದೇ ರೋಗವನ್ನು ಅನುಭವಿಸಿ, ಅದಕ್ಕೆ ಮದ್ದು ಹುಡುಕಿದ ಇನ್ನೊಂದು ಪೌರಸ್ತ್ಯ ದೇಶ ಜಪಾನ್. ಅಲ್ಲಿಯೂ ಸತ್ತ ದನದ ತೊಗಲು ಸುಲಿಯುವವರನ್ನೂ ಚರ್ಮ ಹದಮಾಡುವವರನ್ನೂ ಹೊಲಸೆಂಬ ಅರ್ಥದ ಹೆಸರಿನಿಂದ ಕರೆದು, ಬೇರೆ ಕೇರಿಗಳಲ್ಲಿಟ್ಟು, ಬೇರೆಯವರೊಡನೆ ಬೆರೆಯದಂತೆ ಕಟ್ಟುಮಾಡಿದ್ದರು. ಹುಲ್ಲಿನ ಮೆಟ್ಟು, ಮರದ ಹಾವುಗೆ ಇವೇ ಆ ಜನರ ಸಾಮಾನ್ಯ ಪಾದರಕ್ಷೆಗಳು. ಪಾಶ್ಚಾತ್ಯರ ಬೂಟ್ಸು ಅಲ್ಲಿಗೆ ಹೊಸದಾಗಿ ಬಂದುದು. ಮೇಜಿ ಚಕ್ರವರ್ತಿಯ ಕಾಲದಲ್ಲಿ ಹೊಸ ಸೈನ್ಯವನ್ನು ಕಟ್ಟುವಾಗ ಹೊರಗಿನಿಂದ ತರಿಸಿದ ಬೂಟ್ಸುಗಳು ಜಪಾನೀ ಕಾಲಿಗೆ ದೊಡ್ಡವಾದುವು. ಆಗ ಸಮುರಾಯಿ ಮನೆತನದ ನಿಶಿಮುರ ಕತ್ಸುಜೊ ಎಂಬಾತನು 1870ನೆಯ ಇಸವಿ ಮಾರ್ಚ್ 15ರಂದು ಟೋಕಿಯೊ ನಗರದ ತ್ಸುಕಿಜಿಯಲ್ಲಿ ಬೂಟ್ಸಿನ ಕಾರ್ಖಾನೆಯನ್ನು ತೆರೆದನು. ಆ ದಿನವನ್ನು ಇಂದಿಗೂ ಆ ದೇಶದಲ್ಲಿ ಪಾದರಕ್ಷೆಯ ದಿನವೆಂದು ಸ್ಮರಿಸುತ್ತಾರೆ. ಖಡ್ಗ ಹಿಡಿಯುವ ಕುಲದವನು ಚರ್ಮದ ಕೆಲಸಕ್ಕೆ ಕೈಯಿಕ್ಕಿದ್ದು ಸಾಮಾನ್ಯ ಸಂಗತಿಯಲ್ಲ. ಅದೇ ಸುಮಾರಿಗೆ, ಚರ್ಮದವರಿಗೆ ವಂಶಪರಂಪರೆಯ ಯಜಮಾನನಾಗಿದ್ದ ದಾನ್ ನವೊಕಿ ಎಂಬಾತನೂ ತನ್ನ ಜನರಿಗೆ ಹೊಸ ಪದ್ಧತಿಯ ಹದವನ್ನೂ ಬೂಟ್ಸಿನ ಕೆಲಸವನ್ನೂ ಕಲಿಸಲು ಶಾಲೆಯನ್ನೂ ಕಾರ್ಖಾನೆಯನ್ನೂ ಹೂಡಿದನು.

1871ರಲ್ಲಿ ಸರ್ಕಾರವು ಆ ಹೀನ ಹೆಸರುಗಳನ್ನು ರದ್ದುಮಾಡಿ, ಇವರೂ ಉಳಿದ ಪ್ರಜೆಗಳಂತೆಯೇ ಎಂದು ಶಾಸನ ಹೊರಡಿಸಿತು. ಆದರೆ ಅದೇ ವರುಷ ಸತ್ತ ದನದ ತೊಗಲಿನ ಮೇಲೆ ಅವರಿಗೆ ಹಿಂದಿನಿಂದ ಇದ್ದ ವಿಶೇಷ ಹಕ್ಕೂ ಹೋಯಿತು. ಹೆಸರಿನ ಬಿಡುಗಡೆ ಸಿಕ್ಕಿತು, ಹಸಿವಿನ ಬಿಡುಗಡೆ ಸಿಕ್ಕಲಿಲ್ಲ. ಬಂಡವಾಳವುಳ್ಳವರು ಕಸಬಿನೊಳಕ್ಕೆ ನುಗ್ಗಿದರು. ಕಾಗದದ ಮೇಲಿನ ಸಮಾನತೆಯಿಂದ ಬೇಸತ್ತ ಆ ಜನರು 1922ರಲ್ಲಿ ಕಿಯೋಟೊ ನಗರದಲ್ಲಿ ಸೇರಿ ಸುಯಿಹೆಯಿಶ ಎಂಬ ತಮ್ಮದೇ ಸಂಘವನ್ನು ಕಟ್ಟಿದರು. ಸರ್ಕಾರವು ನಿಜವಾಗಿ ಕೈಬಿಚ್ಚಿದ್ದು 1969ರಲ್ಲಿ. ಅಂದಿನಿಂದ 2002ರವರೆಗೆ, ಅಂದರೆ ಮೂವತ್ತಮೂರು ವರುಷ, ಆ ಕೇರಿಗಳ ಮನೆ, ರಸ್ತೆ, ಶಾಲೆ, ವಿದ್ಯಾರ್ಥಿವೇತನ, ಕಸಬು ಇವಕ್ಕಾಗಿ ವಿಶೇಷ ಕಾಯಿದೆಯ ಮೂಲಕ ಹಣ ಒದಗಿಸಿತು. ಚರ್ಮದ ಆಮದನ್ನು ಜಪಾನು ತಡೆಹಿಡಿದಿದೆಯೆಂದು ಅಮೆರಿಕದವರು ಅಂತರರಾಷ್ಟ್ರೀಯ ವ್ಯಾಪಾರ ಮಂಡಲಿಯ ಮುಂದೆ ದೂರಿತ್ತಾಗ, ಈ ಕಸಬನ್ನು ನಂಬಿದ ಜನರ ದುಃಸ್ಥಿತಿಯನ್ನೇ ಜಪಾನು ತನ್ನ ಸಮರ್ಥನೆಯಾಗಿ ಮುಂದಿಟ್ಟಿತು. 1984ರ ತೀರ್ಪು ಜಪಾನಿಗೆ ವಿರುದ್ಧವಾಯಿತು. ಆದರೂ ಅದು ಬಾಗಿಲನ್ನು ಹಾರುಹೊಡೆಯಲಿಲ್ಲ; 1986ರಿಂದ ಗೊತ್ತಾದ ಪ್ರಮಾಣಕ್ಕೆ ಕಡಮೆ ಸುಂಕ, ಅದನ್ನು ಮೀರಿದ್ದಕ್ಕೆ ಭಾರಿ ಸುಂಕ ಎಂಬ ಏರ್ಪಾಟನ್ನು ಮಾಡಿ ಚರ್ಮಕ್ಕೂ ಚರ್ಮದ ಬೂಟ್ಸಿಗೂ ಕಾವಲಿಟ್ಟಿತು. ತನ್ನ ಸಮಾಜದ ಅತ್ಯಂತ ಕೆಳಗೆ ತುಳಿಯಲ್ಪಟ್ಟವರ ಕಸಬಿಗಾಗಿ ಒಂದು ಸರ್ಕಾರವು ಲೋಕದ ಮುಂದೆ ವಾದಿಸಿ ನಿಂತ ಈ ಸಂಗತಿಯನ್ನು ನಮ್ಮ ಅಧಿಕಾರಿವರ್ಗದವರು ಸಾವಧಾನವಾಗಿ ಮನನ ಮಾಡತಕ್ಕದ್ದು.

ಈ ಆಸರೆಯ ನೆರಳಿನಲ್ಲಿ ಟೋಕಿಯೊದ ಅಸಕುಸ ಪೇಟೆಯಲ್ಲಿ ಬೂಟ್ಸಿನ ಕಸಬು ಬದುಕಿ ಉಳಿಯಿತು. 1990ರ ದಶಕದಿಂದೀಚೆಗೆ ಅದರ ಮೇಲೆ ಇನ್ನೊಂದು ಹೊಸ ಚಿಗುರು ಒಡೆಯಿತು. ಓದು ಬಲ್ಲ ಜಪಾನೀ ತರುಣರು ಇಂಗ್ಲೆಂಡಿನ ನಾರ್ತಾಂಪ್ಟನ್ನಿಗೂ ಲಂಡನ್ನಿಗೂ, ಇಟಲಿಯ ಫ್ಲಾರೆನ್ಸಿಗೂ ಹೋಗಿ, ಮುದುಕ ಕಸಬುದಾರರ ಕಾಲ ಬುಡದಲ್ಲಿ ಕುಳಿತು ಕೈಯಿಂದ ಬೂಟ್ಸು ಮಾಡುವ ವಿದ್ಯೆಯನ್ನು ಕಲಿತರು. ನಾರ್ತಾಂಪ್ಟನ್ನಿನಲ್ಲಿ ಕಲಿತ ಯೋಹೆಯಿ ಫುಕುಡ ಎಂಬುವರು ಟೋಕಿಯೊದಲ್ಲಿ ತಮ್ಮದೇ ಕಾರ್ಯಾಗಾರವನ್ನಿಟ್ಟರು. ಹಿದೆತಕ ಫುಕಾಯ ಎಂಬುವರು ಫ್ಲಾರೆನ್ಸಿನಲ್ಲಿಯೇ ನೆಲೆಸಿ, ಅಲ್ಲಿಯೇ ಕಸಬನ್ನು ನಡೆಸಿದರು. ಇವರ ಪದ್ಧತಿಯಲ್ಲಿ ಗಿರಾಕಿಯ ಎರಡೂ ಕಾಲುಗಳನ್ನು ಬೇರೆಬೇರೆಯಾಗಿ ಅಳೆದು, ಆ ಒಬ್ಬನಿಗೆಂದೇ ಮರದ ಅಚ್ಚನ್ನು ಕೆತ್ತಿ, ಪ್ರಯೋಗದ ಜೋಡೊಂದನ್ನು ತೊಡಿಸಿ ನೋಡಿ, ತಿದ್ದಿ, ಆ ಮೇಲೆ ಅಸಲು ಚರ್ಮವನ್ನು ಕೊಯ್ಯುತ್ತಾರೆ. ಅಟ್ಟೆಯ ಅಂಚಿನ ಹೊಲಿಗೆಯನ್ನು ಕೈಯಿಂದಲೇ ಹಾಕುತ್ತಾರೆ. ಗಿರಾಕಿ ತಿಂಗಳುಗಟ್ಟಲೆ ಕಾಯಬೇಕು, ಲಕ್ಷಗಟ್ಟಲೆ ಯೆನ್ ಕೊಡಬೇಕು. ಅವನು ಕಾಯುತ್ತಾನೆ, ಕೊಡುತ್ತಾನೆ. ಏಕೆಂದರೆ ಆ ಜೋಡಿನ ಮೇಲೆ ಒಬ್ಬ ಮನುಷ್ಯನ ಹೆಸರಿದೆ. ಆ ಹೆಸರಿನವನು ನಾಳೆ ಅಟ್ಟೆ ಸವೆದಾಗ ಅದನ್ನು ಬದಲಿಸಿಕೊಡಲು ಅಲ್ಲಿ ಇರುತ್ತಾನೆಂಬ ನಂಬಿಕೆ ಇದೆ.

ಹಾಗೆಂದು ಜಪಾನಿನಲ್ಲಿ ಎಲ್ಲವೂ ನೇರ್ಪಟ್ಟಿತೆಂದು ನಾವು ಹೇಳುವುದಿಲ್ಲ. ಆ ಕೇರಿಗಳ ಹೆಸರುಗಳನ್ನೆಲ್ಲ ಅಚ್ಚುಹಾಕಿಸಿದ ಗುಪ್ತ ಪಟ್ಟಿಯೊಂದನ್ನು ದೊಡ್ಡ ದೊಡ್ಡ ಕಂಪನಿಗಳು ಕೊಂಡು, ಅಲ್ಲಿಯ ಯುವಕರಿಗೆ ನೌಕರಿ ತಪ್ಪಿಸಲು ಉಪಯೋಗಿಸುತ್ತಿದ್ದುದು 1975ರಲ್ಲಿ ಬಯಲಿಗೆ ಬಂದು ಆ ದೇಶವೇ ತಲೆತಗ್ಗಿಸಿತು. ಅಚ್ಚು ಕೆತ್ತಿ ಹೊಲಿಯುವ ಶಿಲ್ಪಿಗೆ ಸಲ್ಲುವ ಮರ್ಯಾದೆಯು ತೊಗಲನ್ನು ಹದಮಾಡುವವನಿಗೆ ಅಷ್ಟು ಬೇಗ ಸಲ್ಲುವುದಿಲ್ಲ. ಇದು ನಮಗೂ ಎಚ್ಚರಿಕೆಯ ಮಾತು. ಮಿಲಾನಿನ ಹೆಸರು ಅಂಟಿದ ಚಪ್ಪಲಿಯಿಂದ ಮಾದರಿ ಬರೆದವನಿಗೂ ಮಾರಿದವನಿಗೂ ಗೌರವ ಬಂದು, ಜಾಲಿ ತೊಗಟೆಯ ಕಷಾಯದಲ್ಲಿ ಕೈ ಅದ್ದಿದವನು ಕತ್ತಲೆಯಲ್ಲಿಯೇ ಉಳಿದರೆ, ನಾವು ಜಪಾನಿನಿಂದ ತಪ್ಪನ್ನು ಮಾತ್ರ ಕಲಿತಂತಾಗುವುದು.

ಪರದೇಶದ ಪಾಠ ನಮಗೇಕೆಂದು ಕೆಲವರು ಕೇಳಬಹುದು. ಬೆಂಗಳೂರು ಹಿಂದೆ ಜಪಾನಿನಿಂದ ಕಲಿತದ್ದುಂಟು. ಜಮಶೇಟಜಿ ತಾತಾ ಅವರು ಜಪಾನನ್ನು ಕಣ್ಣಾರೆ ಕಂಡು ಬಂದು, ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇದೇ ನಗರದಲ್ಲಿ ರೇಷ್ಮೆಯ ತೋಟವನ್ನು ತೆರೆದು, ಜಪಾನೀ ತಜ್ಞರನ್ನು ಕರೆಸಿ, ನಮ್ಮ ರೈತರಿಗೆ ಹುಳು ಸಾಕುವ ಹೊಸ ಕ್ರಮವನ್ನು ಕಲಿಸಿದರು. ಸರ್ ಎಂ. ವಿಶ್ವೇಶ್ವರಯ್ಯನವರು 1898ರಷ್ಟು ಹಿಂದೆಯೇ ಆ ದೇಶಕ್ಕೆ ಹೋಗಿ ಅಲ್ಲಿಯ ಕೈಗಾರಿಕೆ ಮತ್ತು ವಿದ್ಯಾಭ್ಯಾಸವನ್ನು ನೋಡಿ ಬಂದರು. ರೇಷ್ಮೆಯನ್ನು ಕಲಿಯಲು ನಾಚದವರು ಚರ್ಮವನ್ನು ಕಲಿಯಲು ನಾಚಬೇಕೆ? ನಮ್ಮ ಚಪ್ಪಲಿಯು ಜಪಾನಿನ ಬೂಟ್ಸು ಆಗಬೇಕೆಂದು ನಮ್ಮ ಮಾತಿನ ಅರ್ಥವಲ್ಲ. ಬಿಸಿಲು ನಾಡಿಗೆ ತೆರೆದ ಜೋಡೇ ಸರಿ. ಕಲಿಯಬೇಕಾದುದು ರೂಪವನ್ನಲ್ಲ, ರೂಪವನ್ನು ಮಾಡುವವನಿಗೆ ಅವರು ಕೊಟ್ಟ ಸ್ಥಾನವನ್ನು.

ಆ ಸ್ಥಾನವನ್ನು ತಾವೇ ಮುಟ್ಟಿ ತೋರಿಸಿದವರು ನಮ್ಮಲ್ಲಿಯೂ ಇದ್ದರು. ಗಾಂಧೀಜಿಯವರು ದಕ್ಷಿಣ ಆಫ್ರಿಕದ ಟಾಲ್‌ಸ್ಟಾಯ್ ಫಾರಮ್ಮಿನಲ್ಲಿ ಚಪ್ಪಲಿ ಹೊಲಿಯುವುದನ್ನು ಕಲಿತು, ಇತರರಿಗೂ ಕಲಿಸಿದರು. ತಮ್ಮನ್ನು ಸೆರೆಗೆ ಹಾಕಿದ ಜನರಲ್ ಸ್ಮಟ್ಸರಿಗೆ 1914ರಲ್ಲಿ ಒಂದು ಜೊತೆಯನ್ನು ಕಾಣಿಕೆಯಾಗಿ ಕೊಟ್ಟರು; ಸ್ಮಟ್ಸರು ಅವನ್ನು ಅನೇಕ ಬೇಸಗೆಗಳಲ್ಲಿ ತೊಟ್ಟು, 1939ರಲ್ಲಿ ಗಾಂಧೀಜಿಯ ಎಪ್ಪತ್ತನೆಯ ಹುಟ್ಟುಹಬ್ಬದ ಸಮಯಕ್ಕೆ ಗೌರವದಿಂದ ಹಿಂದಿರುಗಿಸಿದರು. ವೈಶ್ಯ ಕುಲದ ಬ್ಯಾರಿಸ್ಟರರೊಬ್ಬರು ಆರೆಯನ್ನು ಕೈಯಲ್ಲಿ ಹಿಡಿದ ಕಾಲಕ್ಕೂ ಇಂದಿಗೂ ನೂರು ವರುಷ ಮೀರಿತು. ಅವರ ಚರಕವನ್ನು ನಾವು ಗೋಡೆಯ ಚಿತ್ರವನ್ನಾಗಿ ಮಾಡಿದೆವು. ಅವರ ಆರೆಯನ್ನು ಚಿತ್ರವನ್ನಾಗಿಯೂ ಇಟ್ಟುಕೊಳ್ಳಲಿಲ್ಲ.

ಇನ್ನು ಮಾಡಬೇಕಾದ ಕೆಲಸದ ಮಾತು. ಭೌಗೋಳಿಕ ಗುರುತಿನ ಹಕ್ಕು ಈಗ ಎರಡು ನಿಗಮಗಳ ಹೆಸರಿನಲ್ಲಿದೆ. 1999ರ ಕಾಯಿದೆಯ ಪ್ರಕಾರ ಒಬ್ಬೊಬ್ಬ ಕಸಬುದಾರನೂ ತನ್ನನ್ನು ಅಧಿಕೃತ ಬಳಕೆದಾರನೆಂದು ನೋಂದಾಯಿಸಿಕೊಳ್ಳಲು ಅವಕಾಶವಿದೆ. ಹಾಗೆ ನೋಂದಣಿಯಾದಾಗಲೇ ಆ ಹಕ್ಕು ಬೆಂಗಳೂರಿನ ಕಡತದಿಂದ ಅಥಣಿಯ ಓಣಿಗೆ ಇಳಿಯುವುದು. ಅರ್ಜಿ ಬರೆಯಲು ಬಾರದವನ ಮನೆಗೆ ಅರ್ಜಿಯನ್ನು ಒಯ್ದು ತುಂಬಿಸಿಕೊಂಡು ಬರುವುದು ನಿಗಮದ ನೌಕರರ ಕರ್ತವ್ಯವೆಂದು ಸರ್ಕಾರದವರು ವಿಧಿಸಬೇಕು. ಹೆಂಗಸಿನ ಹೆಸರಿನಲ್ಲಿಯೂ ನೋಂದಣಿ ಆಗಬೇಕು, ಗಂಡನ ಹೆಸರಿನ ಬಾಲವಾಗಿ ಅಲ್ಲ. ಅಥಣಿಯಲ್ಲಿ ಟೋ ಹೋಲ್ಡ್ ಎಂಬ ಕಸಬುದಾರರ ಕೂಟವು ಹೆಣ್ಣುಮಕ್ಕಳ ಸ್ವಸಹಾಯ ಸಂಘಗಳನ್ನೇ ಒಡೆಯರನ್ನಾಗಿ ಮಾಡಿ, ಮಧ್ಯವರ್ತಿಯನ್ನು ಬದಿಗಿಟ್ಟು, ಹೊರದೇಶಗಳಿಗೆ ಜೋಡುಗಳನ್ನು ಕಳುಹಿಸಿ ತೋರಿಸಿತು. ಆಗುವುದೇ ಇಲ್ಲವೆನ್ನುವವರಿಗೆ ಆಗಿದೆಯೆಂಬುದೇ ಉತ್ತರ.

ಎರಡನೆಯದು ಹೆಸರು. ಪ್ರತಿ ಜೋಡಿನ ಅಟ್ಟೆಯ ಮೇಲೆ, ಅದು ಮಿಲಾನಿಗೆ ಹೋಗಲಿ ಮೆಜೆಸ್ಟಿಕ್ಕಿಗೆ ಬರಲಿ, ಮಾಡಿದವರ ಹೆಸರೂ ಊರೂ ಮುದ್ರೆಯಾಗಿರಬೇಕು. ನೇಯ್ದವರ ಊರಿನ ಹೆಸರಿನಿಂದ ಇಳಕಲ್ ಸೀರೆಯೂ ಮೊಳಕಾಲ್ಮೂರು ಸೀರೆಯೂ ಬೆಲೆ ಪಡೆದುವು. ಅಥಣಿಗೆ ಮಾತ್ರ ಆ ಭಾಗ್ಯ ಏಕೆ ಬೇಡ? ಮೂರನೆಯದು ಹದ. ಜಾಲಿ ತೊಗಟೆಯ ಹದ ಬಲ್ಲವರು ಮುದುಕರಾಗುತ್ತಿದ್ದಾರೆ. ಅವರ ಬಳಿ ತರುಣರನ್ನು ವೇತನ ಕೊಟ್ಟು ಕೂರಿಸದಿದ್ದರೆ, ಎಷ್ಟು ಗುರುತಿನ ಹಕ್ಕು ಪಡೆದರೂ ಕೊಡುವುದಕ್ಕೆ ಚರ್ಮವೇ ಇರದು. ನೀರಿನ ಸೌಕರ್ಯವುಳ್ಳ, ಕೊಳಕು ನೀರನ್ನು ಶುದ್ಧಿಮಾಡುವ ಏರ್ಪಾಟುಳ್ಳ ಸಾಮೂಹಿಕ ಹದಶಾಲೆಗಳನ್ನು ಕಟ್ಟಿಕೊಡುವುದು ದಾನವಲ್ಲ, ಬಂಡವಾಳ. ಹಸಿ ತೊಗಲು ಪರದೇಶಕ್ಕೆ ಹೋಗಿ ಸಿದ್ಧವಸ್ತುವಾಗಿ ಮರಳುವ ನಷ್ಟವನ್ನು ಗಾಂಧೀಜಿಯವರು 1934ರಲ್ಲಿಯೇ ತಮ್ಮ ‘ಹರಿಜನ’ ಪತ್ರಿಕೆಯಲ್ಲಿ ಎತ್ತಿ ತೋರಿಸಿ, ಹಳ್ಳಿಯ ಹದಗಾರನಿಗೆ ವಿಜ್ಞಾನಿಗಳ ಸಹಾಯ ಬೇಕೆಂದಿದ್ದರು. ನಾಲ್ಕನೆಯದು ಸರ್ಕಾರದವರ ಸ್ವಂತ ಕೊಳ್ಳುವಿಕೆ. ಇಷ್ಟೊಂದು ಇಲಾಖೆಗಳು, ಇಷ್ಟೊಂದು ಸಮಾರಂಭಗಳು! ಅತಿಥಿಗೆ ಹಾರ, ಶಾಲು, ಗಂಧದ ಮೂರ್ತಿ ಕೊಡುವವರು ಒಂದು ಜೊತೆ ಅಥಣಿಯ ಜೋಡನ್ನು ಕಾಣಿಕೆಯಾಗಿ ಕೊಡಲು ಅಂಜುವುದೇಕೆ? ಕಾಲಿಗೆ ಹಾಕುವುದನ್ನು ಕೈಯಲ್ಲಿ ಕೊಡುವುದು ಅಮರ್ಯಾದೆ ಎಂಬ ಸಂಕೋಚವನ್ನು ಬಿಡುವ ದಿನವೇ ಈ ಕಸಬಿಗೆ ಬಿಡುಗಡೆಯ ದಿನ.

ಸರ್ಕಾರಕ್ಕೆ ಹೇಳಿ ನಾವು ಸುಮ್ಮನಿರುವಂತಿಲ್ಲ. ನಮ್ಮ ಕೆಂಗೇರಿಯನ್ನೇ ನೋಡಿ. 2007ರಲ್ಲಿ ಪುರಸಭೆಯ ಊರಾಗಿದ್ದದ್ದು ಮಹಾನಗರದೊಳಗೆ ಸೇರಿತು. 2021ರಲ್ಲಿ ಮೆಟ್ರೋ ಗಾಡಿ ಬಂದಿತು. ನಿಲ್ದಾಣದ ಮೆಟ್ಟಿಲಿಳಿದು ಬರುವ ಗುಮಾಸ್ತರ, ಉಪಾಧ್ಯಾಯರ, ವಿದ್ಯಾರ್ಥಿಗಳ ಕಾಲುಗಳನ್ನು ಗಮನಿಸಿದರೆ ದೇಶದೇಶಗಳ ಮುದ್ರೆಗಳು ಕಾಣುತ್ತವೆ. ಬೆಲೆಯನ್ನು ಅಲ್ಲಿ ಅಂಗಡಿಯವನು ಹೇಳಿದಷ್ಟು ತುಟಿಪಿಟಕ್ಕೆನ್ನದೆ ಕೊಟ್ಟವರು, ಅದೇ ಬೂಟ್ಸಿನ ಹೊಲಿಗೆ ಬಿಟ್ಟಾಗ ರಸ್ತೆಯ ಅಂಚಿನಲ್ಲಿ ಕೊಡೆಯಡಿ ಕುಳಿತವನೊಡನೆ ಹತ್ತು ರೂಪಾಯಿಗೆ ವಾದ ಹೂಡುತ್ತಾರೆ. ಯಂತ್ರ ಅಂಟಿಸಿದ್ದನ್ನು ಕೈಯಿಂದ ಹೊಲಿದು ನಿಲ್ಲಿಸುವವನು ಅವನು. ಪ್ರಾಡಾದವರಿಗೆ ನಾವು ಹೇಳಿದ ನ್ಯಾಯವನ್ನು ಅವನ ಮುಂದೆ ನಿಂತಾಗಲೂ ಮರೆಯದಿರುವುದು ನಮ್ಮ ಪಾಲಿನ ಕರ್ತವ್ಯ. ವರುಷಕ್ಕೆ ಮೂರು ಜೊತೆ ರಬ್ಬರಿನ ಚಪ್ಪಲಿಯನ್ನು ಹರಿದು ಬಿಸಾಡುವ ಮನೆಯವರು, ಆ ಹಣಕ್ಕೆ ಇನ್ನಷ್ಟು ಸೇರಿಸಿ ಅಸಲು ಚರ್ಮದ ಒಂದು ಜೊತೆಯನ್ನು ಕೊಂಡು, ಎಣ್ಣೆ ಸವರಿ, ಮಳೆಯಲ್ಲಿ ನೆನೆಸದೆ, ಅಟ್ಟೆ ಸವೆದಾಗ ಹೊಸದು ಹಾಕಿಸಿ ಬಳಸಿದರೆ, ಮನೆಯ ಲೆಕ್ಕಕ್ಕೂ ನಷ್ಟವಿಲ್ಲ, ನಾಡಿನ ಲೆಕ್ಕಕ್ಕೂ ಲಾಭ.

ಜೋಡು ಎಲ್ಲಿ ಕಚ್ಚುತ್ತದೆಂಬುದು ಮೆಟ್ಟಿದವನಿಗೇ ಗೊತ್ತೆಂದು ಲೋಕ ಹೇಳುತ್ತದೆ. ಅದನ್ನು ಮಾಡಿದವನಿಗೆ ಎಲ್ಲಿ ಕಚ್ಚುತ್ತಿದೆಯೆಂಬುದನ್ನು ಎಂಟು ನೂರು ವರುಷಗಳಿಂದ ಕೇಳಿದವರು ಅತಿ ವಿರಳ. ಈಗ ಹೊರನಾಡಿನವರು ಬಂದು ಬೆಲೆ ಕಟ್ಟಿದ್ದಾರೆ. ಆ ಬೆಲೆಯಲ್ಲಿ ಎಷ್ಟು ಪಾಲು ಅಥಣಿಯ ಓಣಿಗೆ ಹೋಯಿತೆಂದು ಲಿಡ್ಕರಿನವರು ವರುಷಕ್ಕೊಮ್ಮೆ ಸಾರ್ವಜನಿಕರ ಮುಂದೆ ಲೆಕ್ಕವಿಡಲಿ. ಆ ಲೆಕ್ಕವನ್ನು ಕೇಳುವುದನ್ನು ನಾವು ಬಿಡದಿರೋಣ.